ಎತ್ತ ಹಿಡಿದರೂ ಮುಖಪುಟ

ಮಗುವಿನ ಪುಟ್ಟ ಕೈಗೆ ಸಿಗುವಂಥ ಒಂದು ಚೌಕ. ಅಗಲ 10 ಸೆಂಟಿಮೀಟರ್, ಉದ್ದವೂ ಅಷ್ಟೇ. ಮೇಲೆ ಒಂದೇ ಒಂದು ಪದ: ‘ಲಿಬ್ರೊ’. ಇಟಾಲಿಯನ್ ಭಾಷೆಯಲ್ಲಿ ಪುಸ್ತಕ ಅಂತ ಅರ್ಥ. ಹಿಂದೆ ತಿರುಗಿಸಿದರೆ ಅಲ್ಲೂ ‘ಲಿಬ್ರೊ’. ಮಗು ಯಾವ ಕಡೆಯಿಂದ ಎತ್ತಿಕೊಂಡರೂ ಪುಸ್ತಕ ಅಲ್ಲಿಂದಲೇ ಶುರು. ‘ಉಲ್ಟಾ ಹಿಡ್ಕೊಂಡಿದ್ದೀಯಲ್ಲೋ ಪುಟ್ಟಾ’ ಅಂತ ಯಾರೂ ಕೈಯಿಂದ ಕಿತ್ತು, ತಿರುಗಿಸಿ ಕೊಡುವ ಹಾಗೇ ಇಲ್ಲ!

ಇಂಥವು ಒಟ್ಟು 12. ಒಂದು ಕಾಗದದ್ದು, ಒಂದು ಮರದ್ದು, ಒಂದು ಬಟ್ಟೆಯದ್ದು, ಮತ್ತೊಂದು ಆಚೆಯದೆಲ್ಲ ಕಾಣುವ ಪ್ಲಾಸ್ಟಿಕ್ಕಿನದ್ದು. ಒಂದರಲ್ಲಿ ದಾರವೊಂದು ತೂತುಗಳನ್ನು ಹಾದು ಪುಟದಿಂದ ಪುಟಕ್ಕೆ ಓಡುತ್ತದೆ. ಓದಲು ಅಕ್ಷರವಿಲ್ಲ. ಮರದ ಪುಟಕ್ಕೆ ಮರದ ಪುಟ ತಗುಲಿದಾಗ ಆಗುವ ಸದ್ದು, ಬಟ್ಟೆಯ ಪುಟದ ಮೆತ್ತನೆ, ಅದೇ ಇಲ್ಲಿನ ಕಥೆ. ಹೆಸರು ‘ಐ ಪ್ರೆಲಿಬ್ರಿ’, ಅಂದರೆ ಪುಸ್ತಕಕ್ಕೂ ಮುಂಚಿನ ಪುಸ್ತಕಗಳು. ಇನ್ನೂ ಓದು ಬಾರದ ಮಕ್ಕಳಿಗಾಗಿ ಮಿಲಾನ್‌ನ ಡಾನೆಸೆ ಸಂಸ್ಥೆ 1980ರಲ್ಲಿ ಇವನ್ನು ಹೊರತಂದಿತು. ಮಾಡಿದ ಬ್ರೂನೋ ಮುನಾರಿ ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು.

ಇಷ್ಟು ತಿಳಿದ ಮೇಲೆ ಯಾರಿಗಾದರೂ ಅನಿಸುವುದು ಒಂದೇ: ಜೀವಮಾನವಿಡೀ ಶಿಶುವಿಹಾರದಲ್ಲಿ ಕಳೆದ ಮೇಷ್ಟರಿರಬೇಕು. ಅಲ್ಲ! ಅವರು ಚಿತ್ರಕಾರರು. ಅದೂ ಎಂಥ ಚಿತ್ರ! ಚೌಕ, ಪಟ್ಟೆ, ಕೋನ, ಗೀಟುಕಡ್ಡಿ ಇಟ್ಟು ಎಳೆದಂಥ ನೇರ ಅಂಚು. ಮುಖವಿಲ್ಲ, ಬೆಟ್ಟವಿಲ್ಲ, ಹೂದಾನಿಯಿಲ್ಲ. 1948ರಲ್ಲಿ ಮಿಲಾನ್‌ನಲ್ಲಿ ಅತನಾಸಿಯೊ ಸೊಲ್ದಾತಿ, ಜಿಲ್ಲೊ ದೊರ್ಫ್ಲೆಸ್, ಜಾನ್ನಿ ಮೊನ್ನೆ ಅವರ ಜೊತೆ ಸೇರಿ ‘ಕಾಂಕ್ರೀಟ್ ಕಲೆ’ಯ ಚಳವಳಿ ಕಟ್ಟಿದವರು ಮುನಾರಿ. ಅಲ್ಲಿ ಬಿಡಿಸಿದ ಚೌಕ ಕಿಟಕಿಯ ಗುರುತೂ ಅಲ್ಲ, ಮನೆಯ ಗುರುತೂ ಅಲ್ಲ. ಚೌಕ ಚೌಕವೇ.

ಆ ದಿನಗಳಲ್ಲಿ ಅವರು ಶುರುಮಾಡಿದ ಒಂದು ಚಿತ್ರಮಾಲೆಯ ಹೆಸರು ‘ನೆಗತಿವೊ-ಪೊಸಿತಿವೊ’, ಅಂದರೆ ನೆಗೆಟಿವ್-ಪಾಸಿಟಿವ್. ಇಲ್ಲಿ ಸ್ವಲ್ಪ ನಿಲ್ಲಲೇಬೇಕು, ನನಗೆ ಬೀಗದ ಕೈ ಸಿಕ್ಕಿದ್ದು ಇಲ್ಲೇ. ಸಾಮಾನ್ಯವಾಗಿ ಚಿತ್ರ ಅಂದರೆ ಮುಂದೊಂದು ಆಕೃತಿ, ಹಿಂದೊಂದು ಹಿನ್ನೆಲೆ. ಮುನಾರಿಯವರ ಈ ಚೌಕಗಳಲ್ಲಿ ಹಿನ್ನೆಲೆ ಅನ್ನುವುದೇ ಇಲ್ಲ! ಕೆಂಪನ್ನು ದಿಟ್ಟಿಸಿ, ಕೆಂಪು ಮುಂದೆ ಬಂದು ನಿಲ್ಲುತ್ತದೆ, ಕಪ್ಪು ಹಿಂದೆ ಜಾರುತ್ತದೆ. ಈಗ ಕಪ್ಪನ್ನು ದಿಟ್ಟಿಸಿ, ಎಲ್ಲ ಅದಲುಬದಲು. ಪ್ರತಿಯೊಂದು ಭಾಗವೂ ಒಮ್ಮೆ ಆಕೃತಿ, ಒಮ್ಮೆ ಬಯಲು. ಕುಂಚ ಅಲುಗಾಡಿಲ್ಲ, ಬಣ್ಣ ಬದಲಾಗಿಲ್ಲ, ಆದರೂ ಚಿತ್ರ ಬದಲಾಯಿತು. ಬದಲಾಯಿಸಿದ್ದು ನೋಡುವವರ ಕಣ್ಣು.

ಈಗ ಆ ಪುಟ್ಟ ಪುಸ್ತಕಕ್ಕೆ ಮರಳಿ ಬನ್ನಿ. ಹಿಂದು ಯಾವುದು, ಮುಂದು ಯಾವುದು? ಎರಡೂ ಮುಂದೇ! ಚಿತ್ರದಲ್ಲಿ ಹಿನ್ನೆಲೆಯನ್ನು ತೆಗೆದುಹಾಕಿದ ಅದೇ ಕೈ ಪುಸ್ತಕದಲ್ಲಿ ಹಿಂಬದಿಯನ್ನು ತೆಗೆದುಹಾಕಿದೆ. ಗೋಡೆಯ ಮೇಲಿನ ಕಲೆ ಬೇರೆ, ಮಗುವಿನ ಆಟಿಕೆ ಬೇರೆ ಅಂತ ಎಲ್ಲರಂತೆ ನಾನೂ ನಂಬಿದ್ದೆ. ಇಲ್ಲಿ ಎರಡೂ ಒಂದೇ ಬಳ್ಳಿಯ ಕಾಯಿ.

ಬಳ್ಳಿಯ ಬೇರು ಇನ್ನೂ ಹಿಂದಿದೆ. 1940ರಲ್ಲಿ ಮುನಾರಿಯವರ ಮಗ ಆಲ್ಬೆರ್ತೊ ಹುಟ್ಟಿದ. ಅವನಿಗೆ ಕೊಡಬಲ್ಲ ಪುಸ್ತಕ ಸಿಗದೆ ಅಪ್ಪ ತಾವೇ ಮಾಡಿದರು. 1945ರಲ್ಲಿ ಮೊಂಡದೊರಿ ಪ್ರಕಾಶನ ಅವನ್ನು ಅಚ್ಚುಹಾಕಿತು. ಅವುಗಳಲ್ಲೊಂದು, ಮಗನ ಹುಟ್ಟುಹಬ್ಬಕ್ಕೆ ಮನೆಗೆ ಹೊರಟ ಲಾರಿ ಚಾಲಕನ ಕಥೆ. ದಾರಿಯಲ್ಲಿ ಲಾರಿ ಕೆಟ್ಟಿತು. ಅಲ್ಲಿಂದ ಮುಂದೆ ಗಾಡಿಗಳು ಒಂದಕ್ಕಿಂತ ಒಂದು ಚಿಕ್ಕವು. ಜೊತೆಗೆ ಪುಟಗಳೂ ಚಿಕ್ಕವಾಗುತ್ತ ಹೋಗುತ್ತವೆ! 1968ರಲ್ಲಿ ಬಂದ ‘ಮಿಲಾನ್‌ನ ಮಂಜಿನಲ್ಲಿ’ ಪುಸ್ತಕವಂತೂ ಟ್ರೇಸಿಂಗ್ ಪೇಪರಿನ ಮಂಜು. ಮುಂದಿನ ಪುಟ ಮಸುಕಾಗಿ ತೋರುತ್ತದೆ, ತೆರೆದಂತೆ ಹತ್ತಿರ ಬರುತ್ತದೆ. ನಡುವೆ ಥಟ್ಟನೆ ಬಣ್ಣದ ದಪ್ಪ ಹಾಳೆಗಳ ಸರ್ಕಸ್. ಆಮೇಲೆ ಮತ್ತೆ ಮಂಜು, ಮನೆಯ ದಾರಿ. ಮಂಜಿನ ಚಿತ್ರ ಬರೆಯುವವರು ಬೇಕಾದಷ್ಟು ಮಂದಿ. ಇವರು ಮಗುವಿನ ಬೆರಳಿಗೆ ಮಂಜನ್ನೇ ಕೊಟ್ಟರು.

1977ರಲ್ಲಿ ಮಿಲಾನ್‌ನ ಬ್ರೆರಾ ಚಿತ್ರಶಾಲೆಯಲ್ಲಿ ಮುನಾರಿ ಮಕ್ಕಳ ಕಮ್ಮಟ ತೆರೆದರು. ಮಂತೆನ್ಯಾ, ರಾಫೆಲ್ ಅಂಥವರ ಕೃತಿಗಳಿರುವ ಕಟ್ಟಡ ಅದು! ಅಲ್ಲಿ ಮಕ್ಕಳಿಗೆ ‘ಮುಟ್ಟಬೇಡ’ ಅನ್ನುವ ಬದಲು ಕೈಗೆ ಸಾಮಾನು ಕೊಟ್ಟರು. ಅವರ ಕಟ್ಟಳೆ ಒಂದೇ: ಏನು ಮಾಡಬೇಕು ಅಂತ ಮಗುವಿಗೆ ಹೇಳಬಾರದು, ಹೇಗೆ ಮಾಡಬಹುದು ಅಂತ ತೋರಿಸಬೇಕು. ಎರಡು ಪುಟ್ಟ ಗಾಜುಗಳ ನಡುವೆ ಈರುಳ್ಳಿ ಸಿಪ್ಪೆ ಇಟ್ಟು ಪ್ರೊಜೆಕ್ಟರಿನ ಮುಂದೆ ಹಿಡಿಯುವುದು ಹೇಗೆ ಅಂತ ತೋರಿಸುವುದು, ಅಷ್ಟೇ. ಅಡುಗೆಮನೆಯಲ್ಲಿ ಬಿಸಾಡುವ ಸಿಪ್ಪೆ ಗೋಡೆ ತುಂಬ ಬೆಳಗುತ್ತದೆ, ನರನರವೂ ಕಾಣುತ್ತದೆ. ಇದು ಸ್ವತಃ ಮುನಾರಿ 1950ರ ದಶಕದಲ್ಲಿ ಕಲಾವಿದರಾಗಿ ಮಾಡಿದ ಪ್ರಯೋಗ. ಅದನ್ನೇ, ಒಂದಿಷ್ಟೂ ನೀರು ಬೆರೆಸದೆ, ಮಕ್ಕಳಿಗೆ ಹಂಚಿದರು.

ಸೊಪ್ಪು ತರಕಾರಿಗಳನ್ನು ಅಡ್ಡಕ್ಕೆ ಕೊಯ್ದು, ಬಣ್ಣ ಸವರಿ, ಕಾಗದಕ್ಕೆ ಒತ್ತಿದರೆ ಗುಲಾಬಿ ಅರಳುತ್ತದೆ ಅಂತ ತೋರಿಸಲು ಅವರು ಒಂದು ಇಡೀ ಪುಸ್ತಕವನ್ನೇ ಮಾಡಿದ್ದಾರೆ, ‘ಸಾಲಡ್‌ನೊಳಗಿನ ಗುಲಾಬಿಗಳು’ ಅಂತ. ಬೆಂಡೆಕಾಯಿ ಅಚ್ಚು ಒತ್ತಿ ಬೆಳೆದ ನಮಗೆ ಆ ಪುಟಗಳನ್ನು ಕಂಡರೆ ಎಷ್ಟು ಹತ್ತಿರ ಅನ್ನಿಸುತ್ತದೆ!

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು 1978ರ ‘ಮರವನ್ನು ಬಿಡಿಸುವುದು’. ಮರ ಅಂದರೆ ಇಷ್ಟೇ, ಅನ್ನುತ್ತದೆ ಆ ಪುಸ್ತಕ: ಕಾಂಡ ಕವಲೊಡೆಯುತ್ತದೆ, ಕವಲೊಡೆದಂತೆ ಪ್ರತಿ ಕೊಂಬೆಯೂ ತೆಳ್ಳಗಾಗುತ್ತದೆ. ಇದು ರೇಖಾಗಣಿತ. ಆದರೆ ಗಾಳಿಗೆ ಬಾಗಿದ ಮರ, ಸಿಡಿಲು ಬಡಿದ ಮರ, ಕೊಂಬೆ ನೆಲಕ್ಕೆ ಇಳಿಬಿದ್ದ ಮರ, ಎಲ್ಲವೂ ಆ ಒಂದು ನಿಯಮದೊಳಗೇ ಹುಟ್ಟುತ್ತವೆ. ಪೆನ್ಸಿಲ್ ಕೂಡ ಬೇಡ. ನಾನು ಹಳೆಯ ಪತ್ರಿಕೆಯ ಉದ್ದನೆಯ ಪಟ್ಟಿಯೊಂದನ್ನು ತೆಗೆದುಕೊಂಡೆ. ಬುಡದಲ್ಲಿ ಸ್ವಲ್ಪ ಬಿಟ್ಟು ಮೇಲಿನಿಂದ ಎರಡಾಗಿ ಸೀಳಿದೆ. ಆ ಎರಡನ್ನೂ ಮತ್ತೆ ಎರಡೆರಡಾಗಿ. ಮತ್ತೆ. ಕೈ ನಡುಗಿ ಒಂದು ಕೊಂಬೆ ಸೊಟ್ಟಗಾಯಿತು. ಮೇಜಿನ ಮೇಲೆ ಹರಡಿ ನೋಡಿದರೆ, ಆ ಸೊಟ್ಟ ಕೊಂಬೆಯಿಂದಲೇ ಅದು ಮರದ ಹಾಗಿತ್ತು.