ಗಾಜಿನ ತೊಟ್ಟಿಯ ಕಡಲಿಗೆ ಮೊದಲು ಬೇಕಾದದ್ದು ಏನು?

ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ, ಮನೆಯ ಹಾಲಿನೊಳಗೆ ಕಡಲೊಂದನ್ನು ಕಟ್ಟಿಕೊಳ್ಳುವುದು ಸಾಮಾನ್ಯ ಹುಚ್ಚಲ್ಲ. ಸಿಹಿನೀರಿನ ತೊಟ್ಟಿಯಲ್ಲಿ ಗಪ್ಪಿ, ಗೋಲ್ಡ್‌ಫಿಶ್ ಸಾಕಿ ಪಳಗಿದವರು ಒಮ್ಮೆ ಉಪ್ಪುನೀರಿಗೆ ಕೈ ಹಾಕಿದರೆಂದರೆ ಮುಗಿಯಿತು. ಮೊದಲು ಒಂದು ಪಂಪು, ಆಮೇಲೆ ಇನ್ನೊಂದು ದೀಪ, ಅದರ ಹಿಂದೆ ಮತ್ತೊಂದು ಯಂತ್ರ. ತಿಂಗಳ ಸಂಬಳದ ಪಾಲು ಗಾಜಿನ ತೊಟ್ಟಿಗೆ ಹೋಗುತ್ತಲೇ ಇರುತ್ತದೆ. ಇಷ್ಟಾದರೂ ತೊಟ್ಟಿಯೊಳಗೆ ಹವಳ ಬಾಡಿ, ಪಾಚಿ ಮಾತ್ರ ನಳನಳಿಸುವುದುಂಟು. ತಪ್ಪು ಯಂತ್ರದ್ದಲ್ಲ, ಕೊಂಡ ಕ್ರಮದ್ದು.

ಹಾಗೆ ನೋಡಿದರೆ ಈ ಹವ್ಯಾಸ ಶುರುವಾದದ್ದು ಯಂತ್ರಗಳಿಂದಲ್ಲ. ಇಂಡೊನೇಷ್ಯಾದ ಲೀ ಚಿನ್ ಎಂಗ್ ಎಂಬುವರು 1961ರಲ್ಲಿ ತಮ್ಮ ವಿಧಾನವನ್ನು ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ವಿವರಿಸಿದರು. ಅವರ ಬಳಿ ಇದ್ದದ್ದು ಕಡಲಿನ ಜೀವಂತ ಕಲ್ಲು, ಬಿಸಿಲು ಮತ್ತು ಗಾಳಿಗುಳ್ಳೆ, ಇಷ್ಟೇ. ಅಷ್ಟರಲ್ಲಿಯೇ ಹವಳ ಬದುಕಿತು. ಆದರೆ ಅವರ ಊರಿಗೆ ಕಡಲು ಮಗ್ಗುಲಲ್ಲೇ ಇತ್ತು, ನಮಗಿಲ್ಲ. ಕಡಲು ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಗಳನ್ನು ನಾವು ಯಂತ್ರದಿಂದ ಮಾಡಿಸಿಕೊಳ್ಳಬೇಕು. ಹೊಸದೊಂದು ಸಲಕರಣೆ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಇದು ಕಡಲಿನ ಯಾವ ಕೆಲಸವನ್ನು ಮಾಡುತ್ತದೆ? ನನ್ನ ತೊಟ್ಟಿಯಲ್ಲಿ ಆ ಕೆಲಸ ಈಗ ಆಗುತ್ತಿಲ್ಲವೆ?

ಮೊದಲು ಜೀವಿ, ಆಮೇಲೆ ಯಂತ್ರ

ವಿದೇಶಿ ಪುಸ್ತಕಗಳನ್ನು ಓದಿ ಪಟ್ಟಿ ಮಾಡುವವರು ಮರೆಯುವ ಸಂಗತಿಯೊಂದಿದೆ. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಕಡಲ ಬೀಸಣಿಗೆ, ಕಪ್ಪು ಹವಳ, ಕಡಲಕುದುರೆಗಳಿಗೂ ರಕ್ಷಣೆ ಉಂಟು. ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಹವಳದ ಕಲ್ಲನ್ನು ತಂದು ತೊಟ್ಟಿಗಿಡುವುದು ಅಪರಾಧ. ಕಲ್ಲು ಸತ್ತಿದ್ದರೂ ಅಷ್ಟೇ. ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂದು ಇದೇ ಕಾಯ್ದೆಯ 2022ರ ತಿದ್ದುಪಡಿ ಹೇಳುತ್ತದೆ.

ಇದಕ್ಕೂ ಸಲಕರಣೆಗೂ ಏನು ಸಂಬಂಧ ಎನ್ನುವಿರಾ? ತುಂಬ ಇದೆ. ಅತಿ ಪ್ರಖರ ದೀಪ, ಸುಣ್ಣದಂಶ ಒದಗಿಸುವ ಕ್ಯಾಲ್ಸಿಯಂ ರಿಯಾಕ್ಟರ್ ಮುಂತಾದ ದುಬಾರಿ ಯಂತ್ರಗಳು ಹುಟ್ಟಿದ್ದೇ ಗಟ್ಟಿ ಹವಳಗಳಿಗಾಗಿ. ಗಟ್ಟಿ ಅಸ್ಥಿಪಂಜರವಿಲ್ಲದ ಮಶ್ರೂಮ್, ಜೋಆಂತಿಡ್‌ಗಳಂಥ ಜೀವಿಗಳಿಗೆ ಅವು ಬೇಕಿಲ್ಲ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸಿದರೆ ಸಿಗುವ ಸುಣ್ಣವೇ ಸಾಕು. ವ್ಯಾಪಾರಿಯಿಂದ ಆಮದಿನ ಕಾಗದಪತ್ರ ಕೇಳಿ ಪಡೆಯಿರಿ. ಮೀನಾದರೆ ಸಾಕಣೆಯಲ್ಲಿ ಹುಟ್ಟಿದ ಕ್ಲೌನ್ ಮೀನನ್ನೇ ಕೇಳಿ. ಅದರ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಬಂಡೆಗೆ ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಕಲ್ಲು ಸಾಕು.

ನೀರೇ ಬುನಾದಿ

ಖರ್ಚು ಮಾಡಲು ಮೊದಲ ಜಾಗ ನೀರು. ಬೆಂಗಳೂರಿನ ಬೋರ್‌ವೆಲ್ ನೀರಿನ ಗಡಸುತನ ಗೀಸರು ಇಟ್ಟವರಿಗೆಲ್ಲ ಗೊತ್ತು. ಅದರಲ್ಲಿ ಕರಗಿರುವ ನೈಟ್ರೇಟು, ಫಾಸ್ಫೇಟುಗಳು ಪಾಚಿಗೆ ಗೊಬ್ಬರ. ತಾಮ್ರದ ಅಂಶವಿದ್ದರಂತೂ ಹವಳ, ಸೀಗಡಿಗಳಿಗೆ ವಿಷ. ಹಾಗಾಗಿ ಆರ್‌ಓ, ಅದರ ಮುಂದೆ ಡಿಐ ರಾಳದ ಹಂತ ಇರುವ ಶುದ್ಧೀಕರಣ ಘಟಕ ಬೇಕು. ಟಿಡಿಎಸ್ ಮೀಟರು ಸೊನ್ನೆ ತೋರಿಸಬೇಕು. ಅಡುಗೆಮನೆಯ ಆರ್‌ಓ ಸಾಕಲ್ಲವೆ ಎಂದು ಕೇಳುವವರಿದ್ದಾರೆ. ರುಚಿಗಾಗಿ ಕುಡಿಯುವ ನೀರಿಗೆ ಖನಿಜವನ್ನು ಮರಳಿ ಸೇರಿಸುವ ಏರ್ಪಾಡು ಅಂಥ ಅನೇಕ ಯಂತ್ರಗಳಲ್ಲಿರುತ್ತದೆ, ಸೊನ್ನೆ ಬರುವುದಿಲ್ಲ.

ಉಪ್ಪಿನ ಲೆಕ್ಕವೂ ಸರಳ. ಲೀಟರಿಗೆ ಸುಮಾರು 35 ಗ್ರಾಂ. 200 ಲೀಟರಿನ ತೊಟ್ಟಿಗೆ ಒಮ್ಮೆಗೆ 7 ಕಿಲೋ, ವಾರದ ಬದಲಾವಣೆಗೆ 700 ಗ್ರಾಂ. ಅಡುಗೆ ಉಪ್ಪು ಆಗದು. ಅಕ್ವೇರಿಯಂಗೆಂದೇ ತಯಾರಾದ ಸಮುದ್ರ ಉಪ್ಪು ಬೇಕು. ಜೊತೆಗೆ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್, ನೈಟ್ರೇಟ್, ಫಾಸ್ಫೇಟ್, ಕ್ಷಾರೀಯತೆಗಳ ಪರೀಕ್ಷಾ ಕಿಟ್. ನೋಡಲು ಚೆಂದವಿಲ್ಲದ ಈ ಸಾಮಾನುಗಳೇ ಮುಂದಿನ ದುಂದುವೆಚ್ಚ ತಪ್ಪಿಸುವವು.

ಬಿಸಿಯ ಲೆಕ್ಕಾಚಾರ

ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ಮನೆ ಮಾಡಿಕೊಂಡಿರುತ್ತವೆ. ಬಣ್ಣವೂ ಆಹಾರದ ಬಹುಪಾಲೂ ಹವಳಕ್ಕೆ ಅವುಗಳಿಂದಲೇ. ನೀರು ವಾಡಿಕೆಯ ಬೇಸಿಗೆಯ ತಾಪಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳ ದಿಬ್ಬಗಳು ಹೀಗೆಯೇ ಬಿಳುಚಿ ಸತ್ತವು. 2024ರಲ್ಲಿಯೂ ಅಲ್ಲಿ ಬಿಳಿಚುವಿಕೆ ಕಂಡುಬಂತು. ಅಷ್ಟು ದೊಡ್ಡ ಕಡಲಲ್ಲೇ ಹೀಗಾದರೆ 200 ಲೀಟರಿನ ತೊಟ್ಟಿಯ ಪಾಡೇನು?

ತೊಟ್ಟಿಗೆ 24ರಿಂದ 26 ಡಿಗ್ರಿ ಹಿತ. ಬೇಸಿಗೆ ಬಂದೊಡನೆ ಚಿಲ್ಲರ್ ಕೊಳ್ಳಲು ಓಡಬೇಡಿ. ಒಂದು ಲೀಟರು ನೀರು ಆವಿಯಾಗುವಾಗ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. 200 ಲೀಟರನ್ನು ಸುಮಾರು ಮೂರು ಡಿಗ್ರಿ ತಣಿಸಲು ಅಷ್ಟು ಸಾಕು. ಮಣ್ಣಿನ ಹೂಜಿಯ ಗುಟ್ಟೂ ಇದೇ ಅಲ್ಲವೆ? ಬೆಂಗಳೂರಿನ, ಕಲಬುರಗಿಯ ಒಣ ಬೇಸಿಗೆಯಲ್ಲಿ ನೀರಿನ ಮೇಲೆ ಗಾಳಿ ಬೀಸುವ ಒಂದು ಪುಟ್ಟ ಫ್ಯಾನು ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಮಂಗಳೂರು, ಕಾರವಾರದ ಸೆಕೆಗೆ ಅದು ಸಾಲದು. ಅಲ್ಲಿ ಗಾಳಿಯೇ ತೇವವಾಗಿರುತ್ತದೆ. ಕರಾವಳಿಯವರಿಗೆ ಚಿಲ್ಲರ್ ಅನಿವಾರ್ಯ. ಅದನ್ನು ತೊಟ್ಟಿಯ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಇಡಬೇಡಿ, ಉಗುಳಿದ ಬಿಸಿಯನ್ನು ತಾನೇ ಹೀರಿಕೊಂಡು ಸೋಲುತ್ತದೆ.

ಫ್ಯಾನು ಹಾಕಿದರೆ ನೀರು ಮಾತ್ರ ಆವಿಯಾಗಿ ಉಪ್ಪು ಉಳಿಯುತ್ತದೆ. ತಗ್ಗಿದಷ್ಟು ಸಿಹಿನೀರನ್ನು ದಿನವೂ ತುಂಬಬೇಕು. ಊರಿಗೆ ಹೋಗಿಬರುವವರಿಗೆ ತಾನಾಗಿ ನೀರು ತುಂಬುವ ಆಟೊ ಟಾಪ್-ಅಪ್ ಒಳ್ಳೆಯ ಹೂಡಿಕೆ. ಚಳಿಗಾಲದ ಹೀಟರಿನ ವಿಷಯದಲ್ಲೂ ಒಂದು ಮಾತು: ದೊಡ್ಡದೊಂದರ ಬದಲು ಚಿಕ್ಕವೆರಡು ಇಡಿ. ಥರ್ಮೋಸ್ಟಾಟ್ ಕೆಟ್ಟು ಒಂದು ಆರದೇ ಉಳಿದರೂ ಮೀನು ಬೇಯುವುದಿಲ್ಲ.

ನೊರೆ ತೆಗೆಯುವ ಯಂತ್ರ

ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಕಟ್ಟುವ ಕೊಳೆನೊರೆಯನ್ನು ತೆಗೆಯುವುದನ್ನು ಕಂಡವರಿಗೆ ಪ್ರೊಟೀನ್ ಸ್ಕಿಮ್ಮರ್ ವಿವರಿಸಬೇಕಿಲ್ಲ. ಸಣ್ಣ ಸಣ್ಣ ಗಾಳಿಗುಳ್ಳೆಗಳಿಗೆ ಮೀನಿನ ಹೊಲಸು, ಉಳಿದ ಆಹಾರದ ಅಂಶ ಅಂಟಿಕೊಂಡು ನೊರೆಯಾಗಿ ಮೇಲಿನ ಬಟ್ಟಲಿಗೆ ಉಕ್ಕುತ್ತದೆ. ಕೊಳೆತು ನೈಟ್ರೇಟ್ ಆಗುವ ಮೊದಲೇ ಹೊರಗೆ. ನೀರಿನ ಪರೀಕ್ಷೆಯಲ್ಲಿ ನೈಟ್ರೇಟ್ ಏರುತ್ತಲೇ ಇದ್ದರೆ ಮೊದಲು ಮೀನಿಗೆ ಹಾಕುವ ತಿನಿಸನ್ನು ಕಡಿಮೆ ಮಾಡಿ. ಆಮೇಲೂ ಇಳಿಯದಿದ್ದರೆ ಒಳ್ಳೆಯ ಸ್ಕಿಮ್ಮರ್ ಕೊಳ್ಳಿ. ಅದನ್ನಿಡಲು ತೊಟ್ಟಿಯ ಕೆಳಗೊಂದು ಮರಿತೊಟ್ಟಿ ಬೇಕಾಗುತ್ತದೆ. ಹವ್ಯಾಸಿಗಳು ಇದನ್ನೂ ಸಂಪು ಎಂದೇ ಕರೆಯುತ್ತಾರೆ. ಪಂಪು ನಿಂತಾಗ ಮೇಲಿನಿಂದ ಇಳಿಯುವ ನೀರಿಗೆ ಅದರಲ್ಲಿ ಜಾಗ ಬಿಟ್ಟಿರಿ, ಇಲ್ಲದಿದ್ದರೆ ಕಡಲು ನಿಮ್ಮ ಹಾಲಿಗೇ ಇಳಿದೀತು.

ದೀಪ ಕೊನೆಗೆ, ಬ್ಯಾಟರಿ ಮೊದಲಿಗೆ

ಅಂಗಡಿಯಲ್ಲಿ ಎಲ್ಲರ ಕಣ್ಣು ಹೋಗುವುದು ದೀಪದ ಕಡೆಗೆ. ನೀಲಿ ಬೆಳಕಿನ ಎಲ್‌ಇಡಿ ಚೆಂದವೇ ಸರಿ. ಸಮುದ್ರದ ನೀರು ಮೊದಲು ಕೆಂಪು ಬೆಳಕನ್ನು ಹೀರುವುದರಿಂದ ಹವಳ ಒಗ್ಗಿರುವುದೂ ನೀಲಿಗೇ. ಆದರೆ ನೀರಿನಲ್ಲಿ ಗೊಬ್ಬರವಿದ್ದು ಬೆಳಕನ್ನು ಹೆಚ್ಚಿಸಿದರೆ ಲಾಭ ಪಾಚಿಗೆ. ಹೊಸ ದೀಪ ತಂದರೂ ಮೊದಲ ದಿನವೇ ಪೂರ್ತಿ ಉರಿಸಬೇಡಿ. ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ವಾರದಿಂದ ವಾರಕ್ಕೆ ಏರಿಸಿ. ಒಮ್ಮೆಲೇ ಬಿದ್ದ ಬೆಳಕಿಗೂ ಹವಳ ಬಿಳಿಚುತ್ತದೆ.

ದೀಪಕ್ಕೆ ಮುನ್ನ ಆಗಬೇಕಾದದ್ದು ಕರೆಂಟು ಹೋದಾಗಿನ ಏರ್ಪಾಡು. ಕತ್ತಲಲ್ಲಿ ಹವಳ ಕೆಲಕಾಲ ಇದ್ದೀತು, ನಿಂತ ನೀರಿನಲ್ಲಿ ಇರದು. ಆಮ್ಲಜನಕ ಕರಗುವುದು ನೀರಿನ ಮೇಲ್ಮೈ ಅಲುಗಿದಾಗ. ಆದ್ದರಿಂದ ಮನೆಯ ಯುಪಿಎಸ್‌ಗೆ ನೀರು ತಿರುಗಿಸುವ ಪಂಪೊಂದನ್ನು ಮಾತ್ರ ಜೋಡಿಸಿ. ಹೀಟರ್, ಚಿಲ್ಲರ್ ಬೇಡ. ಅದೂ ಇಲ್ಲದವರು ಬ್ಯಾಟರಿಯ ಗಾಳಿ ಪಂಪನ್ನಾದರೂ ಇಟ್ಟುಕೊಳ್ಳಿ. ಇಡೀ ಪಟ್ಟಿಯಲ್ಲಿ ಅತಿ ಅಗ್ಗದ್ದು ಅದೇ, ಜೀವ ಉಳಿಸುವುದೂ ಅದೇ.

ಕೊಳ್ಳುವ ಬೆಲೆಯ ಜೊತೆಗೆ ಸಾಕುವ ಬೆಲೆಯನ್ನೂ ಗುಣಿಸಿ. ಹಗಲಿರುಳು ಓಡುವ 100 ವ್ಯಾಟಿನ ಯಂತ್ರ ತಿಂಗಳಿಗೆ 72 ಯೂನಿಟ್ ತಿನ್ನುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮೂರು ವಾರ ರೀಡಿಂಗ್ ಬರೆದಿಡಿ, ಫಲ ಕಂಡ ಮೇಲೆ ಮುಂದಿನದು. ಎರಡನ್ನು ಒಟ್ಟಿಗೆ ಬದಲಿಸಿದರೆ ಒಳಿತಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವ ಬಗೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಗಾಜಿನ ತೊಟ್ಟಿಗೂ ಸಲ್ಲುತ್ತದೆ. ನಮ್ಮ ಶೋಕಿಗಾಗಿ ಕಡಲಿನಿಂದ ಇಷ್ಟು ದೂರ ಬಂದ ಜೀವಿಗೆ ನಾವು ಕೊಡಬಹುದಾದದ್ದು ದಿನವೂ ಒಂದೇ ಹದದಲ್ಲಿರುವ ನೀರು. ಅದನ್ನು ಕೊಟ್ಟ ಮೇಲೆ ಉಳಿದ ಹಣದಲ್ಲಿ ದೀಪ ತಂದರೆ ಯಾರೂ ಬೇಡವೆನ್ನರು.