ಆವಕ ವಹಿಯಿಲ್ಲದ ಕಚೇರಿ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನ ಅಕ್ಕನ ಮಗನದೊಂದು ಚಿಕ್ಕ ಶೆಡ್ ಇದೆ. ಮೆಕ್ಕೆಜೋಳ ಒಕ್ಕುವ ಯಂತ್ರಗಳಿಗೆ ಬೇಕಾದ ಶಾಫ್ಟು, ಪುಲ್ಲಿ, ಜರಡಿಗಳನ್ನು ಅಲ್ಲಿ ತಯಾರಿಸುತ್ತಾರೆ. ಕೆಲಸಗಾರರು ಆರು ಮಂದಿ. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಈ ಶತಮಾನದ ಮೊದಲ ವರ್ಷಗಳಲ್ಲಿ ಬಾಗಿಲು ಮುಚ್ಚಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇತೊಂದು ಅಲ್ಲಿ ಈಗಲೂ ದುಡಿಯುತ್ತಿದೆ. ಕಳೆದ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಅಲ್ಲಿ ಕುಳಿತಿದ್ದಾಗ, ಬೇರೆ ಕೆಲಸಕ್ಕೆಂದು ಊರಿಗೆ ಬಂದಿದ್ದ ರಾಣೆಬೆನ್ನೂರಿನ ಒಕ್ಕಣೆ ಯಂತ್ರದ ಮಾಲೀಕರೊಬ್ಬರು ಒಳಗೆ ಬಂದರು. ಚಹಾ ಬರುವ ಮೊದಲೇ ಆಕ್ಷೇಪಣೆ ಬಂತು. "ನಿಮ್ಮ ವೆಬ್‌ಸೈಟಿನಾಗ ಎರಡು ಸಲ ಬರೆದು ಹಾಕೀನ್ರಿ. ಒಂದಕ್ಕೂ ಉತ್ತರ ಇಲ್ಲ. ಕಡೀಗೆ ಕೊಯಮತ್ತೂರಿನಿಂದ ತರಿಸಿದೆ."

ವೆಬ್‌ಸೈಟಿನಲ್ಲಿದ್ದ ಸ್ಥಿರ ದೂರವಾಣಿ ಎಂದೋ ಕಡಿತಗೊಂಡಿತ್ತು. ಗಿರಾಕಿಗೆ ಉಳಿದಿದ್ದುದು 'ನಮ್ಮನ್ನು ಸಂಪರ್ಕಿಸಿ' ಎಂಬ ನಮೂನೆಯೊಂದೇ. ಅವರು ಹೋದ ಮೇಲೆ ಹುಡುಗ ನನ್ನ ಮುಖ ನೋಡಿದ. "ಮಾವ, ಒಂದೂ ಬಂದಿಲ್ಲ. ಬಂದಿದ್ದರೆ ಬಿಡುತ್ತಿದ್ದೆನೆ?" ಸುಗ್ಗಿಯಲ್ಲಿ ಬೇಡಿಕೆ ಇಳಿದದ್ದಕ್ಕೆ ಅವನು ಮಳೆಯನ್ನು ದೂರಿದ್ದ, ಮೆಕ್ಕೆಜೋಳದ ಬೆಲೆಯನ್ನು ದೂರಿದ್ದ. ಇಬ್ಬರು ಕೆಲಸಗಾರರನ್ನು ಬಿಡಿಸುವ ಯೋಚನೆಯಲ್ಲೂ ಇದ್ದ.

ನಾವೇ ಆ ನಮೂನೆಯನ್ನು ತುಂಬಿ ಗುಂಡಿ ಒತ್ತಿದೆವು. 'ಧನ್ಯವಾದಗಳು, ನಿಮ್ಮ ಸಂದೇಶ ನಮಗೆ ತಲುಪಿದೆ' ಎಂದು ಹಸಿರು ಅಕ್ಷರಗಳು ಮೂಡಿದವು. ಅರ್ಧ ಗಂಟೆ ಕಾದರೂ ಅಂಚೆಪೆಟ್ಟಿಗೆ ಖಾಲಿ. ಸ್ಪ್ಯಾಮ್ ಪೆಟ್ಟಿಗೆಯೂ ಖಾಲಿ. ಹಸಿರು ಅಕ್ಷರಗಳು ಹೇಳಿದ್ದು ಸುಳ್ಳು. ಆದರೆ ಅದು ಯಾರೂ ಬೇಕೆಂದು ಹೇಳಿದ ಸುಳ್ಳಲ್ಲ. ವೆಬ್‌ಸೈಟಿನ ಯಂತ್ರ ಪತ್ರವನ್ನು ತನ್ನದೇ ರವಾನೆ ವಿಭಾಗಕ್ಕೆ ಕೊಡುತ್ತದೆ. ಆ ವಿಭಾಗ 'ಸರಿ' ಎಂದು ಕೈಗೆ ತೆಗೆದುಕೊಂಡರೆ ಅಷ್ಟಕ್ಕೇ ಈ ಧನ್ಯವಾದ. ಬಹುಪಾಲು ವೆಬ್‌ಸೈಟುಗಳನ್ನು ನಡೆಸುವ ಪಿಎಚ್‌ಪಿ ಭಾಷೆಯ ಕೈಪಿಡಿಯೇ ಇದನ್ನು ಸ್ಪಷ್ಟವಾಗಿ ಹೇಳಿದೆ: ರವಾನೆಗೆ ಸ್ವೀಕೃತವಾಯಿತೆಂದ ಮಾತ್ರಕ್ಕೆ ಪತ್ರ ತಲುಪಿತೆಂದು ಅರ್ಥವಲ್ಲ. ಜಾವಕ ಗುಮಾಸ್ತ ಮೊಹರು ಒತ್ತಿದನೆಂದರೆ ಕಾಗದ ವಿಳಾಸದಾರನ ಮೇಜಿನ ಮೇಲಿದೆ ಎಂದು ನಂಬುವ ಅಧಿಕಾರಿ ಯಾವ ಕಚೇರಿಯಲ್ಲಿಯೂ ಬಹುಕಾಲ ಬಾಳಲಾರ.

ಹಾಗಾದರೆ ಪತ್ರಗಳು ಹೋದದ್ದೆಲ್ಲಿಗೆ? ಮೂರು ದಿನ ಹುಡುಕಿದ ಮೇಲೆ ತಿಳಿಯಿತು: ಅವು ಎಲ್ಲಿಗೂ ಹೋಗಿರಲಿಲ್ಲ. ಹತ್ತು ತಿಂಗಳ ಹಿಂದೆ ಹುಡುಗ ತನ್ನ ಇಮೇಲ್ ಸೇವೆಯನ್ನು ಮಾತ್ರ ಬೇರೊಂದು ಕಂಪನಿಗೆ ವರ್ಗಾಯಿಸಿದ್ದ. ವೆಬ್‌ಸೈಟು ಹಳೆಯ ಯಂತ್ರದಲ್ಲೇ ಉಳಿದಿತ್ತು. ಹೊರಗಿನವರು ನೇರವಾಗಿ ಬರೆದ ಪತ್ರಗಳು ಹೊಸ ವಿಳಾಸ ಹುಡುಕಿಕೊಂಡು ಸರಿಯಾಗಿ ಬರುತ್ತಿದ್ದುದರಿಂದ ಯಾರಿಗೂ ಸಂಶಯ ಹುಟ್ಟಲಿಲ್ಲ. ಆದರೆ ಆ ಹಳೆಯ ಯಂತ್ರಕ್ಕೆ ವರ್ಗಾವಣೆಯ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ. ಈ ಹೆಸರಿನ ಅಂಚೆಗೆಲ್ಲ ತಾನೇ ಒಡೆಯ ಎಂದು ಭಾವಿಸಿ, ನಮೂನೆಯ ಮೂಲಕ ಬಂದದ್ದನ್ನೆಲ್ಲ ಹೊರಗೆ ಕಳಿಸದೆ ತನ್ನೊಳಗಿನ ಹಳೆಯ ಪೆಟ್ಟಿಗೆಗೇ ಹಾಕಿಕೊಳ್ಳುತ್ತಿತ್ತು. ಕಚೇರಿ ಹೊಸ ಕಟ್ಟಡಕ್ಕೆ ಹೋದ ಮೇಲೂ ಹಳೆಯ ಕಟ್ಟಡದ ಜವಾನ ಟಪಾಲನ್ನು ಹಳೆಯ ಬೀರುವಿಗೆ ತುಂಬುತ್ತಿದ್ದಂತೆ. ಅಲ್ಲಿ 41 ಪತ್ರಗಳಿದ್ದವು. ರಾಣೆಬೆನ್ನೂರಿನವರ ಎರಡೂ ಇದ್ದವು.

ಹೋಸ್ಟಿಂಗ್ ಫಲಕದಲ್ಲಿ 'ಸ್ಥಳೀಯ ಅಂಚೆ' ಎಂದಿದ್ದುದನ್ನು 'ಹೊರಗಿನ ಅಂಚೆ' ಎಂದು ಬದಲಿಸಲು ಒಂದು ನಿಮಿಷ ಸಾಕಾಯಿತು. ಪರೀಕ್ಷಾ ಪತ್ರ ಈಗ ಹೊರಟು ಬಂದು ಸೇರಿತು, ಆದರೆ ಸ್ಪ್ಯಾಮ್ ಪೆಟ್ಟಿಗೆಗೆ. ಇಲ್ಲಿ ಎರಡನೆಯ ದೋಷ ಬಯಲಾಯಿತು. ನನ್ನ ತಿಳಿವಳಿಕೆಯಲ್ಲಿ ಹೆಚ್ಚಿನ ಸಣ್ಣ ಉದ್ಯಮಗಳನ್ನು ಕಾಡುತ್ತಿರುವುದು ಇದೇ. ನಮ್ಮ ನಮೂನೆ, ವಿಚಾರಿಸಿದವರ ಸ್ವಂತ ವಿಳಾಸವನ್ನೇ 'ಕಳಿಸಿದವರು' ಎಂದು ನಮೂದಿಸುತ್ತಿತ್ತು. ಉತ್ತರಿಸಲು ಅನುಕೂಲವಾಗಲೆಂದು ಸೈಟು ಕಟ್ಟಿದವರು ಮಾಡಿದ ಉಪಕಾರವದು. ಜಾನ್ ಪೊಸ್ಟೆಲ್ 1982ರಲ್ಲಿ ಬರೆದುಕೊಟ್ಟ ಇಮೇಲ್ ರವಾನೆಯ ನಿಯಮಗಳಲ್ಲಿ, ಕಳಿಸಿದವನು ನಿಜಕ್ಕೂ ಅವನೇ ಹೌದೇ ಎಂದು ಪರಿಶೀಲಿಸುವ ಏರ್ಪಾಡು ಇರಲಿಲ್ಲ. ಪರಸ್ಪರ ಪರಿಚಿತರೇ ಇದ್ದ ಜಾಲಕ್ಕೆ ಅದು ಬೇಕೆನಿಸಿರಲಿಕ್ಕಿಲ್ಲ. ವಂಚಕರು ಹೆಚ್ಚಿದ ಮೇಲೆ ಮೂರು ಕಾವಲುಗಳು ಒಂದೊಂದಾಗಿ ಬಂದವು. ಈ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂಬ ಬಹಿರಂಗ ಪಟ್ಟಿ ಎಸ್‌ಪಿಎಫ್. ಪತ್ರದ ಮೇಲಿನ ಡಿಜಿಟಲ್ ಸಹಿ ಡಿಕಿಮ್. ಇವೆರಡೂ ಹೊಂದದಿದ್ದರೆ ಏನು ಮಾಡಬೇಕೆಂಬ ಯಜಮಾನನ ಆದೇಶ ಡಿಮಾರ್ಕ್. ಯಾಹೂ 2014ರ ಏಪ್ರಿಲ್‌ನಲ್ಲಿ 'ನಮ್ಮ ಹೆಸರು ಹೊತ್ತ, ನಮ್ಮದಲ್ಲದ ಪತ್ರಗಳನ್ನು ತಿರಸ್ಕರಿಸಿ' ಎಂದು ಲೋಕಕ್ಕೆ ಸಾರಿತು. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಎರಡೂ ಬಿಗಿ ಇನ್ನಷ್ಟು ಹೆಚ್ಚಿಸಿದವು. ಇಂಥ ಕಾಲದಲ್ಲಿ ಎಲ್ಲಿಯೋ ಇರುವ ಹೋಸ್ಟಿಂಗ್ ಯಂತ್ರವೊಂದು ಜಿಮೇಲ್ ವಿಳಾಸವನ್ನು ಮುಖಕ್ಕೆ ಅಂಟಿಸಿಕೊಂಡು ಬಾಗಿಲು ತಟ್ಟಿದರೆ ಕಾವಲುಗಾರ ಒಳಗೆ ಬಿಟ್ಟಾನೆಯೇ?

ಪರಿಹಾರ ಸರಳ. 'ಕಳಿಸಿದವರು' ಎಂಬಲ್ಲಿ ನಮ್ಮ ಸಂಸ್ಥೆಯದೇ ವಿಳಾಸವಿರಬೇಕು. ವಿಚಾರಿಸಿದವರ ವಿಳಾಸ 'ಉತ್ತರ ಇವರಿಗೆ' ಎಂಬ ಅಂಕಣಕ್ಕೆ ಹೋಗಬೇಕು. ಪತ್ರವನ್ನು ಹೋಸ್ಟಿಂಗ್ ಯಂತ್ರದ ಮರ್ಜಿಗೆ ಬಿಡದೆ, ಇಮೇಲ್ ಕಂಪನಿಯ ಸರ್ವರ್ ಮೂಲಕವೇ, ಗುರುತು ತೋರಿಸಿ, ಕಳಿಸಬೇಕು. ಇಲ್ಲಿಯೂ ಒಂದು ಹಳ್ಳವಿದೆ. ಬರಿಯ ಪಾಸ್‌ವರ್ಡ್ ಕೊಟ್ಟು ಜಿಮೇಲ್ ಮೂಲಕ ಕಳಿಸುವ ಹಳೆಯ ಸೌಲಭ್ಯವನ್ನು ವೈಯಕ್ತಿಕ ಖಾತೆಗಳಿಗೆ ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಅದನ್ನು ನೆಚ್ಚಿಕೊಂಡಿದ್ದ ನಮೂನೆಗಳು ಸದ್ದಿಲ್ಲದೆ ಮೂಕವಾದವು. ಈಗ ಅದಕ್ಕೆ ಪ್ರತ್ಯೇಕ 'ಆ್ಯಪ್ ಪಾಸ್‌ವರ್ಡ್' ಬೇಕು. ಕೆಲಸ ಬಿಟ್ಟುಹೋದ ಲೆಕ್ಕಿಗನ ವಿಳಾಸಕ್ಕೆ ಇಂದಿಗೂ ಪತ್ರ ಕಳಿಸುತ್ತಿರುವ ನಮೂನೆಗಳ ಮಾತು ಬೇರೆ. ಅದಕ್ಕೆ ತಂತ್ರಜ್ಞರ ಅಗತ್ಯವೇ ಇಲ್ಲ.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇವು ಯಾವುವೂ ಅಲ್ಲ. ನಾನು ಸರ್ಕಾರಿ ಸೇವೆಗೆ ಸೇರಿದಾಗ ಕಲಿತ ಮೊದಲ ಪಾಠ ಆವಕ ವಹಿಯದು. ಬಂದ ಕಾಗದಕ್ಕೆ ಮೊದಲು ಸಂಖ್ಯೆ, ದಿನಾಂಕ. ಆಮೇಲೆ ಅದು ಯಾರ ಮೇಜಿಗೆ ಬೇಕಾದರೂ ಹೋಗಲಿ. ಕಾಗದ ಕಳೆದರೂ ಅದು ಬಂದಿತ್ತೆಂಬ ಸಂಗತಿ ಕಳೆಯಬಾರದು. 2011ರ ಸಕಾಲ ಕಾಯ್ದೆ ಅರ್ಜಿದಾರನ ಕೈಗೆ 15 ಅಂಕಿಗಳ ಸಂಖ್ಯೆ ಕೊಡಿಸಿದ್ದರ ಹಿಂದಿನ ತತ್ವವೂ ಇದೇ. ನಮ್ಮ ನಮೂನೆಗೆ ಆ ವಹಿಯೇ ಇರಲಿಲ್ಲ. ವರ್ಡ್‌ಪ್ರೆಸ್ ಸೈಟುಗಳಲ್ಲಿ ಬಹಳ ಬಳಕೆಯಲ್ಲಿರುವ 'ಕಾಂಟ್ಯಾಕ್ಟ್ ಫಾರ್ಮ್ 7' ಎಂಬ ಉಚಿತ ತಂತ್ರಾಂಶ ತನ್ನಷ್ಟಕ್ಕೆ ಸಂದೇಶಗಳನ್ನು ಉಳಿಸಿಕೊಳ್ಳುವುದಿಲ್ಲ. ಇಮೇಲ್ ಕಳಿಸಿ ಕೈತೊಳೆದುಕೊಳ್ಳುತ್ತದೆ. ಉಳಿಸಿಕೊಳ್ಳಬೇಕಾದರೆ ಅದರ ಕರ್ತೃವೇ ರೂಪಿಸಿರುವ 'ಫ್ಲೆಮಿಂಗೊ'ದಂಥ ಜೊತೆ ತಂತ್ರಾಂಶವನ್ನು ಬೇರೆಯಾಗಿ ಸೇರಿಸಬೇಕು. ಇಮೇಲ್ ಎಂಬುದು ಬಾಗಿಲ ಗಂಟೆಯಷ್ಟೆ. ಗಂಟೆ ಕೆಟ್ಟಿತೆಂದು ಬಂದವರ ಹೆಸರೇ ಅಳಿಸಿಹೋಗುವ ಏರ್ಪಾಡನ್ನು ನಾವು ಹಣ ಕೊಟ್ಟು ಕಟ್ಟಿಸಿಕೊಂಡಿದ್ದೆವು. ನಮ್ಮ 41 ಪತ್ರಗಳು ಉಳಿದದ್ದು ಎರಡನೆಯ ತಪ್ಪಿಗೆ ಮುನ್ನ ಮೊದಲನೆಯ ತಪ್ಪು ಅವುಗಳನ್ನು ಹಿಡಿದುಕೊಂಡಿದ್ದರಿಂದ. ಅದೃಷ್ಟ ಎನ್ನದೆ ಬೇರೇನು ಹೇಳಲಿ?

ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1961ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಹುಡುಕಾಟಕ್ಕೂ ವೆಚ್ಚವಿದೆ. ಕೊಳ್ಳುವವನು ಒಂದು ಹಂತದಲ್ಲಿ ಹುಡುಕುವುದನ್ನು ನಿಲ್ಲಿಸುತ್ತಾನೆ ಎಂದು ತೋರಿಸಿದರು. ಎಂ.ಎ. ತರಗತಿಯಲ್ಲಿ ಓದಿದ ಆ ಮಾತು ಕರೂರಿನ ಶೆಡ್ಡಿನಲ್ಲಿ ಹೀಗೆ ಎದುರಾಗುತ್ತದೆಂದು ನಾನು ಎಣಿಸಿರಲಿಲ್ಲ. ಉತ್ತರ ಬಾರದ ಗಿರಾಕಿ ಜಗಳಕ್ಕೆ ಬರುವುದಿಲ್ಲ, ಮುಂದಿನ ಅಂಗಡಿಗೆ ಹೋಗುತ್ತಾನೆ. ನಷ್ಟ ಲೆಕ್ಕಪುಸ್ತಕದ ಯಾವ ಕಲಮಿನಲ್ಲಿಯೂ ಕಾಣಿಸುವುದಿಲ್ಲ. ಸಾರ್ವಜನಿಕ ಕಚೇರಿಗಳ ಜಾಲತಾಣಗಳಲ್ಲಿಯೂ ಇಂಥವೇ ನಮೂನೆಗಳಿವೆ ಎಂಬುದನ್ನು ನೆನೆದರೆ ನಿವೃತ್ತನಾದ ನನಗೂ ಕೊಂಚ ಕಸಿವಿಸಿಯಾಗುತ್ತದೆ.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಹುಡುಗ ತಾನೇ ಒಮ್ಮೆ ನಮೂನೆ ತುಂಬಿ, ಪತ್ರ ಬಂದಿತೆಂದು ಖಾತ್ರಿ ಮಾಡಿಕೊಂಡು ಲೇತಿನ ಕಡೆ ಹೋಗುತ್ತಾನೆ. ವೆಬ್‌ಸೈಟಿನ ಮೇಲೆ ಮೊಬೈಲ್ ಸಂಖ್ಯೆಯೂ ಬಂದಿದೆ. 41 ಮಂದಿಗೂ ಫೋನು ಮಾಡಿದ್ದಾಯಿತು. ಹೆಚ್ಚಿನವರು ಬೇರೆಡೆ ಕೊಂಡಾಗಿತ್ತು, ಕೆಲವರಿಗೆ ತಾವು ಬರೆದದ್ದೇ ಮರೆತಿತ್ತು. ಒಂದು ಪತ್ರ ಕನ್ನಡದಲ್ಲಿತ್ತು. ಯೂನಿಕೋಡ್‌ಗೆ ಹೊಂದಿಸದ ನಮೂನೆಯಿಂದಾಗಿ ಅದರ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಉಳಿದಿದ್ದುದು ಹತ್ತು ಅಂಕಿಗಳು ಮಾತ್ರ. ಆ ಸಂಖ್ಯೆಗೂ ಕರೆ ಮಾಡಿದೆವು. ಜಗಳೂರು ತಾಲ್ಲೂಕಿನ ರೈತರೊಬ್ಬರು ಎತ್ತಿಕೊಂಡರು. ಒಕ್ಕಣೆ ಮುಗಿದು ಜೋಳ ಮಾರಿ ತಿಂಗಳಾಯಿತೆಂದರು. ಆಮೇಲೆ ತುಸು ತಡೆದು, ಆರು ಅಡಿಯ ಜರಡಿ ಮಾಡಿಕೊಡುತ್ತೀರಾ, ಮುಂದಿನ ಸುಗ್ಗಿಗೆ ಬೇಕು ಎಂದು ಕೇಳಿದರು.