ಹಿತ್ತಲ ಗಿಡಗಳ ಹಳದಿಯೂ ಬಾವಿಯ ನೀರೂ

ಬಯಲುಸೀಮೆಯ ಗ್ರಾಮಗಳಲ್ಲಿ ಮನೆಯ ಹಿತ್ತಲಿನ ನಿಂಬೆ, ಕರಿಬೇವು, ದಾಸವಾಳ ಮೊದಲಾದುವುಗಳ ಚಿಗುರು ಹಳದಿಯಾದೊಡನೆ ಯಜಮಾನರು ಒಂದೋ ಗೊಬ್ಬರವನ್ನು ಹೆಚ್ಚಿಸುವರು, ಇಲ್ಲವೆ ಹುಳುವಿನ ಕಾಟವೆಂದು ಬಗೆದು ಅಂಗಡಿಯಿಂದ ವಿಷೌಷಧವನ್ನು ತಂದು ಸಿಂಪಡಿಸುವರು. ಎರಡರಿಂದಲೂ ಗುಣ ಕಾಣದಿದ್ದಾಗ ಗಿಡವನ್ನೇ ಕಡಿದುಹಾಕುವುದುಂಟು. ಹತ್ತು ವರ್ಷ ಸಾಕಿದ ನಿಂಬೆಯ ಗಿಡವು ಹೀಗೆ ಹಾಳಾಗುವುದು ವ್ಯಸನಕರವಾದ ಸಂಗತಿ. ಅದಕ್ಕಿಂತಲೂ ಕೇಡಿನ ವಿಷಯವೆಂದರೆ, ಬೆಳಗ್ಗೆ ವಿಷ ಬಿದ್ದ ಕರಿಬೇವಿನ ಎಲೆಯೇ ಸಂಜೆ ಒಗ್ಗರಣೆಗೆ ಬೀಳುವುದು. ಆದುದರಿಂದ ಔಷಧದ ಯೋಚನೆಗೆ ಮೊದಲು ನೀರಿನ ಗುಣವನ್ನು ಅರಿಯತಕ್ಕದ್ದು.

ನೀರು ಹುಳಿಯೋ ಕ್ಷಾರವೋ ಎಂಬುದನ್ನು ಅಳೆಯಲು ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞನಾದ ಸೋರೆನ್ಸೆನ್ ಎಂಬಾತನು ೧೯೦೯ರಲ್ಲಿ ಪಿ.ಎಚ್. ಎಂಬ ಮಾನವನ್ನು ಬಳಕೆಗೆ ತಂದನು. ಇದರಲ್ಲಿ ೭ ಸಮಸ್ಥಿತಿ. ಅದಕ್ಕೆ ಕಡಮೆಯಾದುದು ಹುಳಿ, ಹೆಚ್ಚಾದುದು ಕ್ಷಾರ. ಒಂದೊಂದು ಅಂಕಕ್ಕೂ ಹತ್ತರಷ್ಟು ವ್ಯತ್ಯಾಸವಿರುವುದರಿಂದ ೮ಕ್ಕೂ ೯ಕ್ಕೂ ಇರುವ ಅಂತರವನ್ನು ಅಲ್ಪವೆಂದು ತಿಳಿಯಬಾರದು. ನೀರಾವರಿಗೆ ೬.೫ರಿಂದ ೮.೪ರ ವರೆಗಿನ ನೀರನ್ನು ಸಾಧಾರಣವೆಂದು ಎಣಿಸುವರು.

ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಕೊಳವೆಬಾವಿಗಳಲ್ಲಿ ಹಲವೆಡೆ ಗಡಸಾದ ಕ್ಷಾರದ ನೀರು ದೊರೆಯುತ್ತದೆ. ಬೇಳೆ ಬೇಯದ, ಸಾಬೂನು ನೊರೆಯಾಡದ, ಹಂಡೆಯೊಳಗೆ ಬಿಳಿಯ ಪೊರೆ ಕಟ್ಟುವ ನೀರನ್ನು ಗೃಹಿಣಿಯರು ಯಾವ ಪರೀಕ್ಷೆಯೂ ಇಲ್ಲದೆ ಬಲ್ಲರು. ಇಂತಹ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟು ವರ್ಷಗಟ್ಟಲೆ ಬುಡಕ್ಕೆ ಸೇರುತ್ತ ಹೋದರೆ, ಮಣ್ಣಿನಲ್ಲಿ ಕಬ್ಬಿಣದ ಅಂಶ ಯಥೇಷ್ಟವಾಗಿದ್ದರೂ ಬೇರು ಅದನ್ನು ಹೀರಲಾರದು. ಕಣಜ ತುಂಬಿದೆ, ಬೀಗದ ಕೈ ಕಳೆದಿದೆ, ಎಂಬಂತಹ ಸ್ಥಿತಿ ಇದು.

ಅರಿಸಿನಕ್ಕೆ ಸುಣ್ಣ ಸೋಕಿದರೆ ಕೆಂಪಾಗುವುದನ್ನು ಆರತಿಯ ಓಕುಳಿಯಲ್ಲಿ ಎಲ್ಲರೂ ಕಂಡಿರುವರು. ಅದೂ ಕ್ಷಾರದ ಪರೀಕ್ಷೆಯೇ. ಆದರೆ ಬಾವಿಯ ನೀರಿನ ಕ್ಷಾರವು ಸುಣ್ಣದಷ್ಟು ತೀಕ್ಷ್ಣವಲ್ಲದ್ದರಿಂದ ಇಲ್ಲಿ ಅರಿಸಿನವನ್ನು ನಂಬಲಾಗದು. ಪಿ.ಎಚ್. ಕಾಗದದ ಪುಸ್ತಕವೊಂದನ್ನು ಗ್ರಾಮದ ಮುಖಂಡರು ತರಿಸಿಟ್ಟುಕೊಂಡರೆ ಊರಿನ ಎಲ್ಲ ಬಾವಿಗಳನ್ನೂ ಒಂದೇ ದಿನದಲ್ಲಿ ನೋಡಬಹುದು. ಕ್ಷಾರ ಹೆಚ್ಚೆಂದು ಕಂಡುಬಂದ ನೀರನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಂಡೊಯ್ದು ಬೈಕಾರ್ಬೊನೇಟಿನ ಪ್ರಮಾಣವನ್ನೂ ತಿಳಿಯುವುದು ಲೇಸು.

ಬಳಿಕ ಗಿಡವನ್ನು ನೋಡತಕ್ಕದ್ದು. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಬಹುಮಟ್ಟಿಗೆ ಸಾರಜನಕದ ಕೊರತೆ. ಅದಕ್ಕೆ ಗೊಬ್ಬರವೇ ಮದ್ದು. ನಿಂಬೆಯ ಎಲೆಯ ಎರಡು ಮಗ್ಗುಲುಗಳಲ್ಲಿ ಒಂದಕ್ಕೊಂದು ಹೋಲದ ಹಳದಿ ಮಚ್ಚೆಗಳಿದ್ದರೆ ಜಾಗರೂಕರಾಗಬೇಕು. ಚಿಗುರಿನ ರಸ ಹೀರುವ ಸಿಲ್ಲಿಡ್ ಎಂಬ ಸಣ್ಣ ಕೀಟವು ತರುವ, ಮದ್ದಿಲ್ಲದ ರೋಗವೊಂದು ಹೀಗೆ ತೋರುವುದುಂಟು. ಆ ಕೀಟವು ಕರಿಬೇವಿನ ಮೇಲೂ ಬಾಳುತ್ತದೆ.

ಕಬ್ಬಿಣದ ಕೊರತೆಗೆ ಒಂದು ಲೀಟರು ಮಳೆನೀರಿನಲ್ಲಿ ೫ ಗ್ರಾಂ ಅನ್ನಭೇದಿಯನ್ನೂ ೧ ಗ್ರಾಂ ನಿಂಬೆ ಉಪ್ಪನ್ನೂ ಕರಗಿಸಿ, ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಬೇಕು. ಹದಿನೈದು ದಿನಕ್ಕೊಮ್ಮೆಯಂತೆ ಎರಡು ಮೂರು ಬಾರಿ. ಅನ್ನಭೇದಿಯನ್ನು ಬುಡಕ್ಕೆ ಸುರಿದರೆ ಕ್ಷಾರದ ಮಣ್ಣು ಅದನ್ನೂ ಕಟ್ಟಿಹಾಕುತ್ತದೆ. ಕರಿಬೇವಿನ ಬುಡಕ್ಕೆ ಹುಳಿಮಜ್ಜಿಗೆ ಹಾಕುವ ಪದ್ಧತಿ ಅರ್ಥವಿಲ್ಲದ್ದಲ್ಲ. ಆದರೆ ದಿನವೂ ಕೊಡಗಟ್ಟಲೆ ಕ್ಷಾರದ ನೀರೆರೆಯುವಲ್ಲಿ ಒಂದು ಲೋಟ ಮಜ್ಜಿಗೆ ಏನು ಮಾಡೀತು? ಒಲೆಯ ಬೂದಿಯನ್ನಂತೂ ಇಂತಹ ಗಿಡಕ್ಕೆ ಹಾಕಲೇಬಾರದು, ಅದು ಸ್ವತಃ ಕ್ಷಾರ. ಮಲೆನಾಡು ಕರಾವಳಿಗಳ ಹುಳಿಯಾದ ಜಂಬಿಟ್ಟಿಗೆ ಮಣ್ಣಿನಲ್ಲಿ ಅದೇ ಬೂದಿ ಉಪಕಾರಿಯಾಗುವುದರಿಂದ, ಆ ಕಡೆಯ ನೆಂಟರ ಸಲಹೆಯನ್ನು ವಿಚಾರಿಸದೆ ಅನುಸರಿಸಬಾರದು.

ಎಲೆಯ ಅಡಿಯನ್ನು ತಿರುವಿ ನೋಡಿದಾಗ ಕೀಟಗಳೇ ಕಂಡುಬಂದರೆ ಅವುಗಳ ವಿಚಾರ ಬೇರೆ. ಗಿಡದ ಮೇಲೆ ಇರುವೆಗಳ ಸಾಲು ಹರಿದಾಡುತ್ತಿದ್ದರೆ ಹೇನೋ ಹಿಟ್ಟುತಿಗಣೆಯೋ ಇರಬಹುದೆಂದು ತಿಳಿಯಬೇಕು. ಅವು ಸ್ರವಿಸುವ ಸಿಹಿಗಾಗಿ ಇರುವೆಗಳು ಅವನ್ನು ಕಾಯುತ್ತವೆ. ಆಸ್ಟ್ರೇಲಿಯದಿಂದ ೧೮೯೮ರಲ್ಲಿ ಭಾರತಕ್ಕೆ ತಂದ ಒಂದು ಜಾತಿಯ ಗುಲಗಂಜಿ ಹುಳು ಹಿಟ್ಟುತಿಗಣೆಯನ್ನು ತಿನ್ನುತ್ತದೆ. ಅದರ ಮರಿಯೂ ಬಿಳಿಯ ಮೇಣದ ಎಳೆಗಳನ್ನು ಹೊದ್ದು ತಿಗಣೆಯಂತೆಯೇ ಕಾಣುವುದರಿಂದ ಜನರು ಹಿತನನ್ನೇ ಕೊಲ್ಲುವರು. ತಿಗಣೆಗಿಂತ ದೊಡ್ಡದಾಗಿ ಚುರುಕಾಗಿ ಓಡಾಡುವುದನ್ನು ಮುಟ್ಟಬಾರದು. ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ತೋರುವುದು ಚಿಟ್ಟೆಯ ಎಳೆಯ ಹುಳು. ಕೈಯಿಂದ ಆರಿಸಿ ತೆಗೆದರೆ ಸಾಕು.

ಬೇವಿನ ಬೀಜದ ತಿರುಳು ೫೦ ಗ್ರಾಂ ಕುಟ್ಟಿ, ಒಂದು ಲೀಟರು ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಸೋಸಿ, ಚಿಟಿಕೆ ಸಾಬೂನು ಬೆರೆಸಿದರೆ ಹೇನು, ಹಿಟ್ಟುತಿಗಣೆಗಳ ಮರಿಗಳಿಗೆ ತಕ್ಕ ಔಷಧ. ಇಲ್ಲಿಯೂ ಬಾವಿಯ ನೀರು ಅಡ್ಡ ಬರುತ್ತದೆ. ಕ್ಷಾರದಲ್ಲಿ ಬೇವಿನ ಸತ್ವ ಬೇಗ ಕೆಡುತ್ತದೆ. ಗಡಸುನೀರಿನಲ್ಲಿ ಸಾಬೂನು ಒಡೆದು ಗಷ್ಟಾಗುತ್ತದೆ. ಮೆಲಾಥಿಯಾನ್ ಮೊದಲಾದ ಅಂಗಡಿಯ ಔಷಧಗಳೂ ಕ್ಷಾರದ ನೀರಿನಲ್ಲಿ ಶಕ್ತಿಗುಂದುವುದರಿಂದ, ಔಷಧ ನಕಲಿಯೆಂದು ಅಂಗಡಿಯವನನ್ನು ಬಯ್ದು ಪ್ರಮಾಣವನ್ನು ಇಮ್ಮಡಿಸುವವರೂ ಇದ್ದಾರೆ. ಮಳೆಗಾಲದಲ್ಲಿ ಹೆಂಚಿನ ಸೂರಿನಿಂದ ಹಿಡಿದ ನೀರನ್ನು ಸೊಳ್ಳೆ ಸೇರದಂತೆ ಬಾಯಿಗೆ ಬಟ್ಟೆ ಕಟ್ಟಿ ಇರಿಸಿದರೆ, ಹಿತ್ತಲಿನ ಐದಾರು ಗಿಡಗಳಿಗೆ ಒಂದು ಬಾರಿ ಸಿಂಪಡಿಸಲು ಎರಡು ಕೊಡ ಸಾಕು. ಬೇವಿನ ಕಷಾಯವನ್ನು ಮಾಡಿದ ದಿನವೇ, ಬಿಸಿಲು ಇಳಿದ ಮೇಲೆ, ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಿ ಮುಗಿಸತಕ್ಕದ್ದು.